ರಾಣಿಯ ಕೊರಳಪಟ್ಟಿ

ಮಾರ್ಚ್ 3, ಸೋಮವಾರ. ಸಂಜೆ

ಗಂಟಲು ಕಟ್ಟಿದೆ. ಬಿಸಿನೀರು, ಉಪ್ಪು, ಮತ್ತೆ ಬಿಸಿನೀರು. ಇವತ್ತು ಗುಂಪಿನ ಹಿಂದೆ ಗುಂಪು. ಕೊನೆಗೆ ಬಂದವರು ಹೈಸ್ಕೂಲಿನವರು. ಕತ್ತಿಗಳ ಕೋಣೆಯಲ್ಲಿ ನಿಂತು ನಾನೊಬ್ಬನೇ ಎರಡೂ ಕಡೆಯ ಸೈನ್ಯವಾಗಿ ಯುದ್ಧ ಮಾಡಿ ತೋರಿಸಿದೆ. ಸತ್ತೂ ತೋರಿಸಿದೆ. ಹಿಂದಿನಿಂದ ಒಬ್ಬ, "ಅಂಕಲ್, ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿ" ಅಂದ. ಸಾಯುತ್ತಿರುವ ಸೇನಾಪತಿಗೆ ಹೇಳುವ ಮಾತೇ ಇದು? ನಾಟಕ ಕಂಪನಿಯ ಬಟ್ಟೆ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವನು ನಾನು. ಅಲ್ಲಿ ಮೈಕ್ ಇರಲಿಲ್ಲ. ಕೊನೇ ಬೆಂಚಿನ ಕಿವುಡನಿಗೂ ನಮ್ಮ ನಿಟ್ಟುಸಿರು ಕೇಳಿಸಬೇಕಿತ್ತು. ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಮ್ಯೂಸಿಯಮ್ಮಿನ ಗೈಡು ಬಂದವರನ್ನು ಬೈಯುವ ಹಾಗಿಲ್ಲ.

ಚಿತ್ರ ವಾಪಸ್ ಬಂದಿದೆ. ಗೋದಾಮಿನಲ್ಲಿ ಮಸಿ ಹಿಡಿದು, ಮುಖವೇ ಕಾಣದೆ ಬಿದ್ದಿದ್ದಳಲ್ಲ, ಆ ಆಳೆತ್ತರದ ಹೆಂಗಸು. ಕ್ಲೀನಿಂಗಿಗೆ ಹೋಗಿ ರಾಣಿಯಾಗಿ ಬಂದಿದ್ದಾಳೆ. ಹಿಂದೆ ಈ ಊರನ್ನು ಆಳಿದವಳು ಇವಳೇ ಅಂತ ಕಮಿಟಿ ತೀರ್ಮಾನಿಸಿದೆ. ಯಾವ ರಾಣಿ, ಯಾವ ಕಾಲ, ಯಾರಿಗೂ ಗೊತ್ತಿಲ್ಲ. ಆದರೆ ರಾಣಿ. ಗೋಡೆಗೆ ನೇತುಹಾಕಿ ಮೇಲೊಂದು ಬಟ್ಟೆ ಮುಚ್ಚಿದ್ದಾರೆ. ಇಪ್ಪತ್ತೆರಡಕ್ಕೆ ಅನಾವರಣ. ಪರಿಚಯದ ಮಾತು ನನ್ನದು. "ನಿಮ್ಮ ಕಂಠ ಕೊಡಿ ಸಾಕು, ಸ್ಕ್ರಿಪ್ಟ್ ನಾವು ಕೊಡ್ತೀವಿ" ಅಂದರು ಅಧ್ಯಕ್ಷರು. ಅಧ್ಯಕ್ಷರು ಅಂದರೆ ಹಲ್ಲು ಡಾಕ್ಟರು. ಮ್ಯೂಸಿಯಂ ಕಮಿಟಿಗೂ ಅವರೇ, ಹೆಣ್ಣುಮಕ್ಕಳ ಶಾಲೆಯ ಬೋರ್ಡಿಗೂ ಅವರೇ. ಊರವರ ಬಾಯೆಲ್ಲ ಅವರ ಕೈಯಲ್ಲಿದೆ, ಎದುರು ಮಾತಾಡುವವರು ಯಾರು.

ಎದೆ ಉಬ್ಬಿಸಿಕೊಂಡೇ ಮನೆಗೆ ಬಂದೆ. ಮಗಳು ಬಾಗಿಲಲ್ಲಿ ಒಂದು ಹಾಳೆ ಹಿಡಿದು ನಿಂತಿದ್ದಳು. ಅದೇ ಶಾಲೆಯಲ್ಲಿ ಲೆಕ್ಕದ ಟೀಚರು ಅವಳು. ಮುಂದಿನ ವಾರದಿಂದ ಟೀಚರಮ್ಮಂದಿರೆಲ್ಲ "ರಾಣಿ ಉಡುಪು" ಹಾಕಿಕೊಂಡು ಬರಬೇಕಂತೆ. ಗದ್ದ ತಾಗುವ ಕೊರಳಪಟ್ಟಿ, ಬೆರಳ ಗಿಣ್ಣು ಮುಚ್ಚುವ ತೋಳು, ಪಾದದವರೆಗೆ ನಿಲುವಂಗಿ. ಹಾಳೆಯ ಮೇಲೆ ಆ ಚಿತ್ರದ್ದೇ ಫೋಟೋ, ಅಂಚೆಚೀಟಿಯಷ್ಟು. ಕೆಳಗೆ ಒಂದು ಸಾಲು: 'ನಮ್ಮ ಹೆಣ್ಣುಮಕ್ಕಳು ಹೀಗಿದ್ದರು.'

"ಈ ಸೆಕೇಲಿ ಇದನ್ನ ಹಾಕ್ಕೊಂಡು ಪಾಠ ಮಾಡಬೇಕಂತೆ ಅಪ್ಪಾ."

"ಚರಿತ್ರೆ ಕಣಮ್ಮಾ" ಅಂದುಬಿಟ್ಟೆ.

ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಊಟಕ್ಕೆ ಕರೆಯಲೇ ಇಲ್ಲ. ನಾನೇ ಹೋಗಿ ಬಡಿಸಿಕೊಂಡೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ, ಊಟದ ಬಿಡುವು

ಬಟ್ಟೆ ಸರಿಸಿ ನೋಡಿದೆ. ರೂಲ್ಸ್ ಪ್ರಕಾರ ನೋಡಬಾರದು. ಆದರೆ ಇಪ್ಪತ್ತೆರಡಕ್ಕೆ ಸಭೆಯಲ್ಲಿ ಹೊಗಳಬೇಕಾದವಳ ಮುಖವನ್ನಾದರೂ ನೋಡಬೇಡವೇ.

ದೊಡ್ಡ ಕಣ್ಣು, ಇಳಿಬಿಟ್ಟ ರೆಪ್ಪೆ. ಬಿಗಿದ ಕೊರಳಪಟ್ಟಿ, ಅದರ ಮೇಲೆ ಅಂಗೈಯಗಲದ ಹಾರ. ಉದ್ದ ತೋಳು. ಎಲ್ಲ ಸರಿ. ಎಡಹುಬ್ಬಿನ ನಡುವೆ ಒಂದು ಸೀಳು. ಬಣ್ಣ ಬಿರಿದಿದೆ ಅಂದುಕೊಂಡೆ. ಮೂಗು ತಾಗುವಷ್ಟು ಹತ್ತಿರ ಹೋದೆ. ಬಿರುಕಲ್ಲ. ಕುಂಚದಲ್ಲಿ ಬಿಡಿಸಿದ್ದು. ಅಷ್ಟು ಜಾಗದಲ್ಲಿ ಕೂದಲೇ ಬೆಳೆದಿಲ್ಲ.

ಆ ಸೀಳಿನ ಮೇಲೆ ಬೆರಳಾಡಿಸಿಕೊಂಡು ಬೆಳೆದವನು ನಾನು.

ತಾತ. ನನ್ನ ತಾತ.

ಪರದೆಯ ಕೋಲು ಮೇಲಿಂದ ಬಿದ್ದು ಹುಬ್ಬು ಸೀಳಿತ್ತು. ಆ ಹಗ್ಗ ಬಿಟ್ಟವನು ನಮ್ಮಪ್ಪ. ತಂದೆ ಮಗ ಇಬ್ಬರೂ ಸಾಯುವ ತನಕ ಅದಕ್ಕೇ ಜಗಳವಾಡಿದರು. ಹೆಂಗಸರು ರಂಗದ ಮೇಲೆ ಬರದಿದ್ದ ಕಾಲ ಅದು. ರಾಣಿ, ಸೇಡಿನ ಸವತಿ, ಮಗ ಸತ್ತ ತಾಯಿ, ಕಂಪನಿಯ ಹೆಣ್ಣು ಪಾರ್ಟುಗಳೆಲ್ಲ ತಾತನವೇ. ಮುದುಕನಾದ ಮೇಲೂ ಬಾವಿಕಟ್ಟೆಯ ಹತ್ತಿರ ನಿಂತು ಅವನು ಕೊಡ ಎತ್ತಿದರೆ ಬೀದಿಯ ಹೆಂಗಸರು ತಮ್ಮ ಸೊಂಟ ಸರಿಮಾಡಿಕೊಳ್ಳುತ್ತಿದ್ದರು.

ಬಟ್ಟೆ ಮುಚ್ಚಿದೆ. ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕೆ. ಕಮಿಟಿ, ಬ್ರೋಷರು, ಹಲ್ಲು ಡಾಕ್ಟರು... ಎಲ್ಲರೂ ನಮ್ಮ ತಾತನಿಗೆ ಕೈಮುಗಿದು ನಿಂತಿದ್ದಾರೆ.

ಆಮೇಲೆ ಆ ಸಾಲು ನೆನಪಾಯಿತು. ನಮ್ಮ ಹೆಣ್ಣುಮಕ್ಕಳು ಹೀಗಿದ್ದರು. ನಗು ಅಲ್ಲಿಗೇ ನಿಂತಿತು.

ಮಾರ್ಚ್ 6, ಗುರುವಾರ

ಅತ್ತೆಯನ್ನು ಕೇಳಿದೆ. ಅಪ್ಪನ ತಂಗಿ, ತಾತನ ಮಗಳು, ನಮ್ಮ ಜೊತೆಯಲ್ಲೇ ಇದ್ದಾಳೆ. ಕಿವಿ ಮಂದ, ನೆನಪು ಚೂಪು. ಶಾಲೆಯ ಹಾಳೆ ಕೊಟ್ಟು ಫೋಟೋ ತೋರಿಸಿದೆ. ಕನ್ನಡಕ ಏರಿಸಿದಳು, ಇಳಿಸಿದಳು.

"ಅಪ್ಪ" ಅಂದಳು. ಬಸ್ಸಿನಲ್ಲಿ ಗುರುತಿನವರು ಕಂಡ ಹಾಗೆ. "ನಮ್ಮ ಪರದೆ ಬರೀತಿದ್ದೋನೇ ಬರೆದಿದ್ದು. ಟೆಂಟಿನ ಬಾಗಿಲಲ್ಲಿ ನಿಲ್ಲಿಸ್ತಿದ್ರು. ಕಂಪನಿ ಮುಳುಗಿದಾಗ ಸಾಮಾನಿನ ಜೊತೆ ಹರಾಜಿಗೆ ಹೋಯ್ತು. ಇದ್ಯಾಕೆ ಸ್ಕೂಲಿನ ಹಾಳೆ ಮೇಲೆ ಬಂತು?"

"ಅದಿರಲಿ. ಈ ಕೊರಳಪಟ್ಟಿ ಯಾಕೆ ಇಷ್ಟು ಎತ್ತರ?"

"ಗಂಟಲ ಗಂಟು ಕಾಣಬಾರದಲ್ಲ. ಅಪ್ಪಂದು ನೆಲ್ಲಿಕಾಯಿ ಗಾತ್ರ. ಮಾತಾಡಿದರೆ ಮೇಲೆ ಕೆಳಗೆ ಓಡಾಡೋದು."

"ತೋಳು?"

"ಅವರ ಕೈ ನೋಡಿಲ್ವಾ ನೀನು? ಗುದ್ದಲಿ ಹಿಡಿಯೋ ಕೈ. ಕೂದಲು ಬೇರೆ, ಕರಡಿ ಹಂಗೆ."

"ರೆಪ್ಪೆ ಇಳಿಸಿರೋದು ನಾಚಿಕೆಗೆ ಅಂತ ಮ್ಯೂಸಿಯಂ ಬ್ರೋಷರಲ್ಲಿ ಬರೆದಿದ್ದಾರೆ."

"ಯಾವ ನಾಚಿಕೆ. ಕಾಲ ಹತ್ತಿರ ಸಾಲಾಗಿ ದೀಪ ಇಡ್ತಿದ್ರು. ಕಣ್ಣಿಗೆ ಹೊಡೀತಿತ್ತು. ಪೂರ್ತಿ ತೆರೆದರೆ ನೀರು ಸುರಿಯೋದು, ಕಾಡಿಗೆ ಇಳಿಯೋದು."

ಅಂಗಿಯ ಕೊಂಡಿಗಳು ಮಾತ್ರ ಬಲಪಕ್ಕೆಯಲ್ಲಿ ಮೇಲಿಂದ ಕೆಳಗೆ ಇವೆ. ಅದೂ ಕೇಳಿದೆ. ಅತ್ತೆ ನಗಲು ಶುರುಮಾಡಿದಳು. ರಾಣಿ ಸತ್ತ ಮುಂದಿನ ಸೀನಿನಲ್ಲೇ ತಾತನಿಗೆ ದೂತನ ಪಾರ್ಟು. ಒಳಗೆ ಓಡಿ, ಬಲಗೈಯಲ್ಲಿ ಒಂದೇ ಎಳೆತಕ್ಕೆ ನಿಲುವಂಗಿ ಕಿತ್ತೆಸೆದು, ಮೀಸೆ ಅಂಟಿಸಿಕೊಂಡು ಆ ಕಡೆಯಿಂದ ಬಂದು ಹೇಳಬೇಕು, 'ಪ್ರಭು, ಮಹಾರಾಣಿಯವರು ಇನ್ನಿಲ್ಲ.' ತನ್ನ ಸಾವಿನ ಸುದ್ದಿಯನ್ನು ತಾನೇ ತರುತ್ತಿದ್ದ ಮಹಾನುಭಾವ. ಒಂದು ಸಲ ಹಾರ ತೆಗೆಯುವುದು ಮರೆತು ಬಂದನಂತೆ. 'ಸತ್ತವರ ಒಡವೆ ಕದ್ಯಾ' ಅಂತ ರಾಜನ ಪಾರ್ಟಿನವನು ಅಲ್ಲೇ ಮಾತು ಕಟ್ಟಿ ಮಾನ ಉಳಿಸಿದನಂತೆ.

ಇದೇ ಅಂಗಿಯನ್ನು ನನ್ನ ಮಗಳು ಹಾಕಿಕೊಂಡು ಲೆಕ್ಕ ಹೇಳಿಕೊಡಬೇಕು. ಗಂಡಸೊಬ್ಬ ಗಂಟಲು ಮುಚ್ಚಿಕೊಳ್ಳಲು ಮಾಡಿದ ಉಪಾಯ ಈಗ ಹೆಂಗಸರ ಮಾನ.

"ಹೇಳ್ತೀನಿ ನಾನು. ಸಭೆಯಲ್ಲೇ ಹೇಳ್ತೀನಿ."

ಅತ್ತೆಯ ನಗು ಹೋಯಿತು. "ಬೇಡ. ಅವರು ಗಂಡಸು ಅಂತ ಆಗ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಮರೆತುಹೋಗಬೇಕು, ಅದು ಅಪ್ಪನ ಹಟ. ಒಂದೇ ಒಂದು ಸಲ ಯಾರಾದರೂ ಸೀಟಿ ಹೊಡೆದು ಹೆಸರು ಕೂಗಿದರೆ ಎರಡು ದಿನ ಊಟ ಬಿಡೋರು. ಈಗ ಊರಿಗೆ ಊರೇ ಮರೆತಿದೆ. ನೀನು ಹೋಗಿ ಸೀಟಿ ಹೊಡೀತೀಯಾ?"

ಕಿವಿ ಮಂದ ಅಂತ ಮೆಲ್ಲಗೆ ಏನೋ ಗೊಣಗಿದೆ. ಅದು ಮಾತ್ರ ಕೇಳಿಸಿತು ಅವಳಿಗೆ.

ಮಾರ್ಚ್ 11, ಮಂಗಳವಾರ. ಸಂಜೆ

ಮಗಳನ್ನು ಮನೆಗೆ ಕಳಿಸಿದ್ದಾರೆ.

ನಿನ್ನೆ ಹಾಕಿಕೊಂಡೇ ಹೋಗಿದ್ದಳು. ನೋಡೇಬಿಡೋಣ ಅಂತ. ಎಡಗೈಯವಳು ಅವಳು. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ ಹೋದ ಹಾಗೆ ತೋಳು ಹಿಂದಿನಿಂದ ಒರೆಸುತ್ತ ಬಂತು. 'ಈಕ್ವಲ್ ಟು' ಹಾಕುವ ಹೊತ್ತಿಗೆ ಎಡಗಡೆಯದೆಲ್ಲ ಮಾಯ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಇವಳೂ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದು, ಕೆಂಪು ಬಳೆ ಹಾಕಿದ ಹಾಗೆ ಆಗಿತ್ತು.

ಇವತ್ತು ತನ್ನ ಮಾಮೂಲಿ ಅರ್ಧತೋಳಿನ ಡ್ರೆಸ್ಸಿನಲ್ಲಿ ಹೋದಳು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೆಡ್‌ಮಿಸ್ ಹಿಡಿದುಕೊಂಡರು.

"ನಿಮ್ಮ ತಂದೇನೇ ಮ್ಯೂಸಿಯಮ್ಮಲ್ಲಿದ್ದಾರೆ. ಸಂಸ್ಕೃತಿ ನಿಮಗೆ ನಾನು ಹೇಳಿಕೊಡಬೇಕಾ?"

"ಸಂಸ್ಕೃತಿ ಬೋರ್ಡ್ ಒರೆಸ್ತಿದೆ ಮೇಡಂ."

ನನ್ನ ಮಗಳೇ. ಅನುಮಾನವೇ ಇಲ್ಲ. ಉಡುಪು ಹಾಕಿಕೊಂಡು ಬರುವ ತನಕ ಬರಬೇಡಿ ಅಂದರಂತೆ. ಅಂದರೆ ಕೆಲಸ ಹೋದ ಹಾಗೇ.

ಮೈಯೆಲ್ಲ ಉರಿಯುತ್ತಿದೆ. ಕನ್ನಡಿಯ ಮುಂದೆ ನಿಂತು ಹೆಡ್‌ಮಿಸ್ಸಿಗೂ ಹಲ್ಲು ಡಾಕ್ಟರಿಗೂ ಸೇರಿಸಿ ಒಂದು ದೊಡ್ಡ ಡೈಲಾಗು ಹೊಡೆದೆ. ಸಿಂಹಾಸನ ನಡುಗಬೇಕು, ಹಾಗೆ. ಪಕ್ಕದ ಮನೆಯವರು ಗೋಡೆ ತಟ್ಟಿದರು.

ಮಾರ್ಚ್ 12, ಬುಧವಾರ

ಭೂತಗನ್ನಡಿಯ ಹತ್ತಿರ ಹೋದೆ. ನಮ್ಮ ಕ್ಯುರೇಟರಮ್ಮನಿಗೆ ನಾನಿಟ್ಟ ಹೆಸರು. ಭೂತಗನ್ನಡಿ ಸದಾ ಕೊರಳಲ್ಲೇ ನೇತಾಡುತ್ತಿರುತ್ತೆ. ಗೊತ್ತಿದೆ ಅವರಿಗೂ ಆ ಹೆಸರು. ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂರದೆ, ನಿಂತೇ ಎಲ್ಲ ಹೇಳಿದೆ. ಹುಬ್ಬು, ಗಂಟಲು, ದೂತ, ಎಲ್ಲ. ಆಕಾಶ ಕಳಚಿ ಬೀಳುತ್ತೆ ಅಂದುಕೊಂಡಿದ್ದೆ.

"ಕೂತ್ಕೊಳ್ಳಿ" ಅಂದರು. ಫೋಟೋ ತೆಗೆದು ಗದ್ದದ ಕೆಳಗೆ ಪೆನ್ನು ತೋರಿಸಿದರು. "ನೆರಳು ನೋಡಿ. ಮನುಷ್ಯರ ಮುಖದಲ್ಲಿ ನೆರಳು ಕೆಳಗೆ ಬೀಳುತ್ತೆ. ಇಲ್ಲಿ ಗದ್ದದ ಕೆಳಗೆ ಬೆಳಕಿದೆ, ಮೂಗಿನ ನೆರಳು ಹಣೆಗೆ ಹೋಗಿದೆ. ಬೆಳಕು ನೆಲದಿಂದ ಬಂದಿದೆ. ಯಾವ ಅರಮನೇಲೂ ದೀಪ ನೆಲದ ಮೇಲಿಟ್ಟು ರಾಣೀನ ನಿಲ್ಲಿಸಿ ಚಿತ್ರ ಬರೆಯಲ್ಲ. ಇದು ರಂಗ, ಇದು ವೇಷ. ಕ್ಲೀನಿಂಗ್ ಆದ ದಿನವೇ ನನಗೆ ಗೊತ್ತಾಯ್ತು."

"ಮತ್ತೆ?"

"ರಿಪೋರ್ಟಲ್ಲಿ ಬರೆದೆ. ಅಧ್ಯಕ್ಷರು ಓದಿ, 'ಚೆನ್ನಾಗಿದೆ, ಈ ಪ್ಯಾರಾ ಒಂದು ಬೇಡ' ಅಂದ್ರು."

ಅವರೇ ಮುಂದುವರಿಸಿದರು. "ನಾನು ಇಷ್ಟು ಹೇಳಬಲ್ಲೆ, ವೇಷ ಅಂತ. ನಿಮ್ಮ ತಾತ ಅಂತ ಬರೆಯೋಕಾಗಲ್ಲ. ಹುಬ್ಬು ಸಾಕ್ಷಿ ಅಲ್ಲ."

"ನನ್ನ ಬೆರಳಿಗೆ ಗೊತ್ತು ಮೇಡಂ."

"ನಿಮ್ಮ ಬೆರಳನ್ನ ಫೈಲಿಗೆ ಹಾಕೋಕಾಗುತ್ತಾ?" ಅಂದರು. ನಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಹಳೇ ಕಾಲದ ಜನ ಏನು ಉಡ್ತಿದ್ರು ಅಂತ ಚಿತ್ರ ನೋಡಿ ಹೇಳೋದೇ ನನ್ನ ಕೆಲಸ. ಆದರೆ ಚಿತ್ರ ಯಾವತ್ತೂ ಉಟ್ಟಿದ್ದನ್ನ ಬರೆಯಲ್ಲ. ತೋರಿಸ್ಕೋಬೇಕು ಅಂತ ಆಸೆ ಇದ್ದದ್ದನ್ನ ಬರೆಯುತ್ತೆ. ಇದನ್ನ ಕೇಳೋಕೆ ಯಾರೂ ಬರಲ್ಲ. ನಿಮ್ಮ ಹತ್ತಿರ ಕತ್ತಿ ಕತೆ ಕೇಳೋಕೆ ಬರ್ತಾರೆ."

ಹೊಗಳಿದರೋ ಚುಚ್ಚಿದರೋ. ಮನೆಗೆ ಬರುವ ತನಕ ಯೋಚಿಸಿದೆ. ಚುಚ್ಚಿದ್ದೇ.

ಮಾರ್ಚ್ 15, ಶನಿವಾರ. ರಾತ್ರಿ

ಜಗಳ. ದೊಡ್ಡದು.

ಮಗಳಿಗೆ ಇವತ್ತೇ ಹೇಳಿದ್ದು. ಒಂದು ದೃಶ್ಯ ಮಾಡಿಯೇ ಹೇಳಿದೆ. ಮೊದಲು ಚಿತ್ರ ಬಂದ ಕತೆ, ಆಮೇಲೆ ಹುಬ್ಬು, ಆಮೇಲೆ ಒಂದು ವಿರಾಮ, ಆಮೇಲೆ ತಾತ. ತಾತನ ದನಿಯಲ್ಲಿ ರಾಣಿಯಾಗಿ ಸತ್ತೆ, ತಾತನ ದನಿಯಲ್ಲೇ ಸುದ್ದಿ ತಂದೆ. ಅವಳು ಟೇಬಲ್ಲಿನ ಮೇಲೆ ಹಳೇ ಪರೀಕ್ಷೆ ಪೇಪರು ಹರಡಿಕೊಂಡು ಕೂತಿದ್ದಳು. ನಕ್ಕಳು, ಮನಸಾರೆ ನಕ್ಕಳು. ಗೆದ್ದೆ ಅಂದುಕೊಂಡೆ.

"ನೋಡ್ತಿರು. ಇಪ್ಪತ್ತೆರಡಕ್ಕೆ ಸಭೆಯಲ್ಲಿ ಇದನ್ನ ಒಡೆದುಬಿಡ್ತೀನಿ. ಆಮೇಲೆ ಯಾವ ಮುಖ ಇಟ್ಕೊಂಡು ಆ ಉಡುಪು ಹಾಕು ಅಂತಾರೆ?"

ಪೆನ್ನಿನ ಕ್ಯಾಪ್ ಹಾಕಿದಳು. "ಅಪ್ಪಾ, ಅವಳು ನಿಜವಾದ ರಾಣಿ ಆಗಿದ್ದರೆ?"

"ಅಲ್ಲವಲ್ಲ."

"ಆಗಿದ್ದರೆ ಅಂತ ಕೇಳ್ತಿದ್ದೀನಿ. ನಿಜವಾಗ್ಲೂ ಒಬ್ಬಳು ರಾಣಿ ಇದ್ದು, ನಿಜವಾಗ್ಲೂ ಇದನ್ನೇ ಉಟ್ಟಿದ್ದರೆ... ಆಗ ನಾನು ಹಾಕ್ಕೋಬೇಕಿತ್ತಾ?"

"ಅದು ಬೇರೆ ಪ್ರಶ್ನೆ."

"ಅದೊಂದೇ ಪ್ರಶ್ನೆ. ನೀನು ತಾತನ್ನ ಮಧ್ಯೆ ತಂದರೆ ಮಾತು ತಾತನ ಮೇಲೆ ಹೋಗುತ್ತೆ. ರಾಣಿನಾ ಗಂಡಸಾ, ಅಸಲಿನಾ ನಕಲಿನಾ. ನನ್ನ ತೋಳಿನ ಮಾತು ಎಲ್ಲಿ ಹೋಯ್ತು?"

"ನಿನಗೋಸ್ಕರ ಒದ್ದಾಡ್ತಿದ್ದೀನಿ ನಾನು ಇಲ್ಲಿ."

"ನನಗೋಸ್ಕರ ಅಲ್ಲ. ನಿನಗೊಂದು ಒಳ್ಳೆ ಸೀನ್ ಸಿಕ್ಕಿದೆ."

ಹೀಗಂದಳು. ತಾಯಿಯಿಲ್ಲದೆ, ತಲೆ ಬಾಚಿ, ಜಡೆ ಹಾಕಿ, ಭುಜದ ಮೇಲೆ ಕೂರಿಸಿಕೊಂಡು ಬೆಳೆಸಿದ ಮಗಳು ಹೀಗಂದಳು. ಬಾಯಿಗೆ ಬಂದದ್ದು ಅಂದೆ. ಅವಳೂ ಅಂದಳು. ಅತ್ತೆ ಒಳಗಿಂದ, "ಇಬ್ಬರದೂ ಚೆನ್ನಾಗಿ ಕೇಳಿಸ್ತಾ ಇದೆ" ಅಂದಳು.

ಸಂಜೆ ಟೀ ತಂದಿಟ್ಟಳು. ಮಾತಿಲ್ಲ. ಟೀ ಮಾತ್ರ ಕುಡಿದೆ.

ಮಾರ್ಚ್ 21, ಶುಕ್ರವಾರ

ಸ್ಕ್ರಿಪ್ಟು ಬಂತು. 'ಇಗೋ, ಮರ್ಯಾದೆಯೇ ಮೈವೆತ್ತು ಬಂದಂತೆ ನಿಂತಿರುವ ನಮ್ಮ ಮಹಾರಾಣಿ.' ರಿಹರ್ಸಲ್ ಮಾಡಿಸಿದರು. ಹಲ್ಲು ಡಾಕ್ಟರು ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು. "ಮೈ ಜುಂ ಅಂತು" ಅಂದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ, "ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಒಳ್ಳೆ ಟೀಚರು. ಒಂದು ಬಟ್ಟೆಗೋಸ್ಕರ ಯಾಕೆ" ಅಂದರು.

ಒಂದು ಬಟ್ಟೆಗೋಸ್ಕರ. ಅದನ್ನೇ ನಾನೂ ಕೇಳಬೇಕಿತ್ತು ಸ್ವಾಮಿ, ಒಂದು ಬಟ್ಟೆಗೋಸ್ಕರ ನೀವು ಯಾಕೆ.

ಬಾಯಿ ತೆಗೆಯಲಿಲ್ಲ. ನಾಳೆಗೆ ಇಟ್ಟುಕೊಂಡೆ.

ಅತ್ತೆ ಬೇಡ ಅಂತಾಳೆ, ಅವಳ ಅಪ್ಪನ ಮಾನಕ್ಕೆ. ಮಗಳು ಬೇಡ ಅಂತಾಳೆ, ಅವಳ ಮಾತು ಹಳ್ಳ ಹಿಡಿಯುತ್ತೆ ಅಂತ. ಇಬ್ಬರೂ ಸರಿಯೇ ಇರಬಹುದು. ಆದರೆ ಎದೆಯೊಳಗೆ ಇದು ಹೀಗೆ ಕುದಿಯುತ್ತಿರುವಾಗ ಮರ್ಯಾದೆ, ಮೈವೆತ್ತು ಅಂತ ಹೇಗೆ ಹೇಳಲಿ? ನಾಲಿಗೆ ಹೊರಳುವುದಿಲ್ಲ. ರಾಕ್ಷಸನ ಪಾರ್ಟು ಕೊಟ್ಟರೂ ಮಾಡಿದ್ದೇನೆ. ಇದು ಆಗುವುದಿಲ್ಲ.

ಮಾರ್ಚ್ 22, ಶನಿವಾರ. ಸಂಜೆ, ಮನೆಗೆ ಬಂದಕೂಡಲೇ

ಮುಗಿಯಿತು. ಬರೆದುಬಿಡುತ್ತೇನೆ, ಇಲ್ಲದಿದ್ದರೆ ಏನಾದರೂ ಒಡೆದುಹಾಕುತ್ತೇನೆ.

ಹಾಲು ಚೆಲ್ಲಿದ ಹಾಗೆ ಲೈಟು. ಮುಂದಿನ ಸಾಲಿನಲ್ಲಿ ಟೀಚರಮ್ಮಂದಿರು ಉಡುಪು ಹಾಕಿಕೊಂಡು, ಕತ್ತು ತಿರುಗಿಸಲಾಗದೆ, ಸಾಲಾಗಿಟ್ಟ ಹೂಜಿಗಳ ಹಾಗೆ. ಮಗಳು ಕೊನೇ ಸಾಲಿನಲ್ಲಿ, ಅರ್ಧತೋಳು. ಅತ್ತೆ ಬರಲಿಲ್ಲ. ಬಟ್ಟೆ ಸರಿಯಿತು. ತಾತ ನಿಂತಿದ್ದ. ಎಷ್ಟು ಚೆನ್ನಾಗಿ ನಿಂತಿದ್ದ.

ಸ್ಕ್ರಿಪ್ಟು ಮಡಿಸಿ ಜೇಬಿಗೆ ಹಾಕಿದೆ. ಮೈಕು ಪಕ್ಕಕ್ಕಿಟ್ಟೆ. ನಮ್ಮ ಕಂಪನಿಯಲ್ಲಿ ಪಾತ್ರಧಾರಿಗಳನ್ನು ಕೂಗುತ್ತಿದ್ದ ಹಾಗೆ, ಹೊಟ್ಟೆಯ ಆಳದಿಂದ ಕೂಗಿದೆ:

"ರಾಣಿಯ ಪಾತ್ರದಲ್ಲಿ... ನನ್ನ ತಾತ."

ಒಂದೊಂದಾಗಿ ಬಿಚ್ಚಿದೆ. ಕೊರಳಪಟ್ಟಿ ಯಾಕೆ. ತೋಳು ಯಾಕೆ. ರೆಪ್ಪೆ ಯಾಕೆ. ಕೊಂಡಿ ಬಲಗಡೆ ಯಾಕೆ. "ಇದು ಹೆಂಗಸರ ಮರ್ಯಾದೆ ಅಲ್ಲ ಮಹಾಜನರೇ, ಗಂಡಸಿನ ಗಂಟಲು" ಅಂದೆ. ಅಂಥ ದನಿ ನನಗೆ ವರ್ಷಗಳಿಂದ ಬಂದಿರಲಿಲ್ಲ. ಭೂತಗನ್ನಡಿ ಎದ್ದು ನಿಂತು, "ನೆರಳು ನೋಡಿ, ಬೆಳಕು ಕೆಳಗಿನಿಂದ ಬಂದಿದೆ. ಇದು ನಾಟಕದ ವೇಷ. ನನ್ನ ರಿಪೋರ್ಟಲ್ಲಿ ಇದೆ" ಅಂತ ಜೋರಾಗಿಯೇ ಹೇಳಿದರು. ಹಾಗೆ ಹೇಳಿ ಅಂತ ನಾನು ಕೇಳಿಕೊಂಡಿರಲಿಲ್ಲ. ಆಕೆಗೆ ಕೈಮುಗಿಯಬೇಕು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಗೆದ್ದೆ. ಗೆದ್ದೇಬಿಟ್ಟೆ. ಹಲ್ಲು ಡಾಕ್ಟರು ನಿಧಾನವಾಗಿ ಬಂದು, ನಾನು ಪಕ್ಕಕ್ಕಿಟ್ಟ ಮೈಕು ಎತ್ತಿಕೊಂಡರು. ಬೆವರಬೇಕಿತ್ತು ಮನುಷ್ಯ. ನಗುತ್ತಿದ್ದರು.

"ಎಂಥ ವಿಷಯ ಹೇಳಿದಿರಿ. ಯೋಚನೆ ಮಾಡಿ, ಒಬ್ಬ ಗಂಡಸು, ಗಂಡಸೇ ಇಷ್ಟು ಮರ್ಯಾದೆಯಿಂದ ಇದನ್ನ ಉಟ್ಟಿದ್ದಾನೆ ಅಂದಮೇಲೆ, ನಮ್ಮ ಹೆಣ್ಣುಮಕ್ಕಳಿಗೆ ಏನು ಕಷ್ಟ?"

ಮತ್ತೆ ಚಪ್ಪಾಳೆ. ಅದೇ ಕೈಗಳು. ಅದೇ ಜೋರು. ನನ್ನದಕ್ಕಿಂತ ಒಂದು ತೂಕ ಜಾಸ್ತಿಯೇ. ಕೊರಳಿಗೆ ಹಾರ ಹಾಕಿದರು ನನಗೆ. ನಾನು ಹಾಕಿಸಿಕೊಂಡೆ. ತಲೆ ತಗ್ಗಿಸಿ ಹಾಕಿಸಿಕೊಂಡೆ.

ಕೊನೇ ಸಾಲು ನೋಡಿದೆ. ಕುರ್ಚಿ ಖಾಲಿ.

ಮಾರ್ಚ್ 31, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಬರೀ ಬೈಗುಳ ಬರುತ್ತಿತ್ತು. ಬೈ ಅಂತ ಕೈ ಇನ್ನೂ ತುರಿಸುತ್ತಿದೆ.

ಮ್ಯೂಸಿಯಮ್ಮಿಗೆ ಜನವೋ ಜನ. "ತಾತನ ಚಿತ್ರ ಎಲ್ಲಿ" ಅಂತ ಕೇಳಿಕೊಂಡು ಬರುತ್ತಾರೆ. ಪಕ್ಕದಲ್ಲಿ ನಿಂತು ಸೆಲ್ಫಿ. 'ಮಹಾರಾಣಿಯವರು ಇನ್ನಿಲ್ಲ' ಹೇಳಿ ಅಂತ ದುಂಬಾಲು. ಹೇಳುವುದಿಲ್ಲ ಅಂದೆ. ಸಿಟ್ಟು ಮಾಡಿಕೊಂಡರು. ಕತ್ತಿಗಳ ಕಡೆ ಯಾರೂ ಬರುತ್ತಿಲ್ಲ.

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ಮಾತ್ರೆ ಕೊಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನೀನು ಹೇಳೋತನಕ ಯಾರಿಗಾದರೂ ಗೊತ್ತಾಯ್ತಾ?"

"ಯಾರಿಗೂ ಇಲ್ಲ ಅತ್ತೆ."

"ಬಟ್ಟೆ ಸರಿಸಿದ ಮೇಲೂ?"

"ಊಹೂಂ. ಕೈಮುಗಿದರು."

ಹೆಗಲು ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಬಗ್ಗಿ ನೋಡಿದರೆ ನಗುತ್ತಿದ್ದಳು.

ಶಾಲೆಯಿಂದ ಹೊಸ ಹಾಳೆ ಬಂದಿದೆ. ಅದೇ ಫೋಟೋ, ಅದೇ ಕೊರಳಪಟ್ಟಿ, ಅದೇ ತೋಳು. ಕೆಳಗಿನ ಸಾಲಿನಲ್ಲಿ ಒಂದೇ ಒಂದು ಪದ ಬದಲಾಗಿದೆ. 'ನಮ್ಮ ಹೆಣ್ಣುಮಕ್ಕಳು ಹೀಗಿದ್ದರು' ಅಂತ ಇತ್ತು. ಈಗ: 'ನಮ್ಮ ಹೆಣ್ಣುಮಕ್ಕಳು ಹೀಗಿರಲಿ.'

ಇದ್ದರು ಹೋಯಿತು, ಇರಲಿ ಬಂತು. ನನ್ನ ಇಡೀ ಮಾತು, ತಾತನ ಇಡೀ ಬದುಕು, ಭೂತಗನ್ನಡಿಯ ನೆರಳು ಬೆಳಕು, ಎಲ್ಲ ಸೇರಿ ಒಂದು ಕ್ರಿಯಾಪದ ಅಲುಗಾಡಿಸಿದೆವು. ಹಾಳೆ ಹರಿದು ಚೂರು ಮಾಡುತ್ತಿದ್ದೆ. ಮಗಳು ಕೈಯಿಂದ ತೆಗೆದುಕೊಂಡಳು.

"ಇದೇ ವಾಸಿ. ಈಗ ನಿಜ ಹೇಳಿದ್ದಾರೆ."

ನಾನು ಹೇಳಿದ್ದೆನಲ್ಲ ಅನ್ನಲಿಲ್ಲ ಅವಳು. ಅಂದಿದ್ದರೆ ಚೆನ್ನಾಗಿತ್ತು. ಒಂದಿಷ್ಟು ಜಗಳವಾದರೂ ಆಡಬಹುದಿತ್ತು.

ಏಪ್ರಿಲ್ 6, ಭಾನುವಾರ. ಸಂಜೆ

ಹೆಡ್‌ಮಿಸ್ ಫೋನು ಮಾಡಿದ್ದರು. ನಾಳೆ ಉಡುಪಿನಲ್ಲಿ ಬಂದರೆ ಸರಿ, ಇಲ್ಲದಿದ್ದರೆ ಬರುವುದೇ ಬೇಡ, ಬೇರೆಯವರನ್ನು ತೆಗೆದುಕೊಂಡಿದ್ದಾರೆ. ಮಗಳು, "ಬರ್ತೀನಿ ಮೇಡಂ" ಅಂದಳು. ಅಷ್ಟೇ ಅಂದಳು. ಫೋನಿಟ್ಟು ತನ್ನ ನೀಲಿ ಅರ್ಧತೋಳಿನ ಡ್ರೆಸ್ಸಿಗೆ ಇಸ್ತ್ರಿ ಹಾಕಲು ಕೂತಳು.

"ಒಬ್ಬಳೇನಾ?"

"ಡ್ರಾಯಿಂಗ್ ಟೀಚರ್ ಬರ್ತೀನಿ ಅಂದಿದ್ದಾಳೆ. ಮಾಮೂಲಿ ಬಟ್ಟೇಲಿ. ಮಿಕ್ಕವರು ನೋಡೋಣ ಅಂದ್ರು."

"ನೋಡೋಣ ಅಂದವರು ಬರಲ್ಲ."

"ಬರದಿದ್ದರೆ ಬೇಡ. ಗೇಟಲ್ಲಿ ತಡೀತಾರೆ. ತಡೆದರೆ ಅಲ್ಲೇ ನಿಂತ್ಕೋತೀನಿ. ಬೆಲ್ ಹೊಡೆಯೋ ತನಕ, ಬಿಡೋ ತನಕ. ಮಕ್ಕಳು ಅದೇ ಗೇಟಲ್ಲಿ ಒಳಗೆ ಹೋಗಬೇಕಲ್ಲ, ನೋಡ್ಕೊಂಡು ಹೋಗಲಿ."

ಇಸ್ತ್ರಿಪೆಟ್ಟಿಗೆ ಹೋಯಿತು, ಬಂತು. ಆಮೇಲೆ, ನನ್ನ ಕಡೆ ನೋಡದೆ: "ನೀನೂ ಬರ್ತೀಯಾ?"

ಎದೆ ತುಂಬಿ ಬಂತು. ಕೂಡಲೇ ತಲೆಯಲ್ಲಿ ಡೈಲಾಗು ಸಾಲುಗಟ್ಟಿತು. ಗೇಟಿನ ಎದುರು ನಿಂತು, ಹೆಡ್‌ಮಿಸ್ ಹೊರಗೆ ಬರುತ್ತಲೇ... "ನಾನು ಏನು ಹೇಳಬೇಕು?" ಅಂತ ಕೇಳಿದೆ.

"ಏನೂ ಹೇಳಬೇಡ."

"ಒಂದೇ ಒಂದು ಮಾತು—"

"ಅಪ್ಪಾ. ನೀನು ಬಾಯಿ ತೆಗೆದರೆ ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಸುಮ್ಮನೆ ನನ್ನ ಪಕ್ಕ ನಿಂತ್ಕೋ. ಅಷ್ಟು ಸಾಕು."

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ

ಹೊರಡುವ ಹೊತ್ತು. ಬಿಳಿ ಶರ್ಟು ಹಾಕಿಕೊಂಡಿದ್ದೇನೆ.

ಕಂಪನಿಯಲ್ಲಿ ಮಾತಿಲ್ಲದ ಪಾರ್ಟಿಗೆ 'ಕಂಬ' ಅನ್ನುತ್ತಿದ್ದೆವು. ಈಟಿ ಹಿಡಿದು ರಾಜನ ಹಿಂದೆ ನಿಲ್ಲುವವನು. ಕಂಬ ಸಿಕ್ಕವನನ್ನು ನೋಡಿ ಎಲ್ಲರೂ ನಗುತ್ತಿದ್ದೆವು. ನಾನು ಯಾವತ್ತೂ ಆಗಲಿಲ್ಲ. ನನ್ನ ಗಂಟಲಿಗೆ ಯಾರೂ ಕಂಬ ಕೊಡುತ್ತಿರಲಿಲ್ಲ.

ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ. ಆದರೆ ಬಾಯಿ ಮುಚ್ಚಿಕೊಂಡು ಸಿಟ್ಟು ಮಾಡುವುದು ಹೇಗೆ ಅಂತ ಗೊತ್ತಿಲ್ಲ ನನಗೆ. ಕೈ ಎಲ್ಲಿಡಬೇಕು? ಕಟ್ಟಿಕೊಂಡರೆ ಜಂಬ ಅಂತಾರೆ, ಬಿಟ್ಟರೆ ಅದು ತಾನಾಗಿ ಮೇಲೆ ಹೋಗುತ್ತೆ. ಹಲ್ಲು ಡಾಕ್ಟರ ಕಾರು ಬಂದರೆ? ಹೆಗಲ ಮೇಲೆ ಕೈ ಹಾಕಿದರೆ? ಆಗಲೂ ಸುಮ್ಮನೆ? ಕನ್ನಡಿಯ ಮುಂದೆ ನಿಂತು ನೋಡಿದೆ. ಮಾತಿಲ್ಲದೆ ನನ್ನ ಮುಖ ಹೀಗಿರುತ್ತೆ ಅಂತ ಗೊತ್ತಿರಲಿಲ್ಲ. ಯಾರದೋ ಮುಖದ ಹಾಗೆ... ಸ್ವಲ್ಪ ಹೆದರಿಕೆ ಆಯಿತು ನನಗೇ. ಅದು ಒಳ್ಳೆಯದಿರಬಹುದು.

ಚಪ್ಪಲಿ ಹಾಕಿಕೊಂಡಳು. ಬಾಗಿಲು ತೆಗೆದ ಸದ್ದು. "ಅಪ್ಪಾ, ಬರ್ತೀಯಾ ಇಲ್ವಾ" ಅಂತಿದ್ದಾಳೆ. ಬಂದೆ ಅಂತ ಕೂಗಬೇಕು ಅಂತ ಬಾಯಿ ತೆಗೆದೆ, ಆಮೇಲೆ ಮುಚ್ಚಿಕೊಂಡೆ. ಪೆನ್ನಿಟ್ಟು ಎದ್ದೆ.